ಸೈರನ್ನಿನ ಪಂಚಮ

ಮೊನ್ನೆ ನನ್ನ ಫೋನಿನ ಮೈಕ್ ಕೆಟ್ಟಿತ್ತು. ನಾನು ಮಾತಾಡಿದ್ದು ಆ ಕಡೆಯವರಿಗೆ ಕೇಳಿಸುತ್ತಲೇ ಇರಲಿಲ್ಲ. ದಾಸರಹಳ್ಳಿ ಮೆಟ್ರೋ ನಿಲ್ದಾಣದ ಹತ್ತಿರದ ರಿಪೇರಿ ಅಂಗಡಿಗೆ ಕೊಟ್ಟು ಸ್ಟೂಲಿನ ಮೇಲೆ ಕುಳಿತಿದ್ದೆ. ಅಂಗಡಿಯಾತ ಬೆಸುಗೆ ಹಾಕತೊಡಗಿದಾಗ ತೆಳ್ಳಗೆ ಹೊಗೆಯೆದ್ದು ಮೂಗಿಗೆ ಬಡಿಯಿತು. ರಾಳದ ವಾಸನೆ! ಬೆಸುಗೆಗೆ ಬಳಸುವುದೂ ರಾಳವೇ, ಪಿಟೀಲಿನ ಕಮಾನಿಗೆ ತಿಕ್ಕುವುದೂ ರಾಳವೇ. ಒಂದು ಕಾಲದಲ್ಲಿ ನನ್ನ ಸೀರೆಗಳೆಲ್ಲ ಅದೇ ವಾಸನೆ ಹೊಡೆಯುತ್ತಿದ್ದವು... ಅದರ ಹಿಂದೆಯೇ ನಮ್ಮ ಯೂನಿಯನ್ ಸೆಕ್ರೆಟರಿ ನೆನಪಾದರು.

ಆಗಿನ್ನೂ ಎಂಬತ್ತರ ದಶಕದ ಆರಂಭ. ಪೀಣ್ಯದಲ್ಲಿ ರೇಡಿಯೋ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ನನಗೆ ಬೆಸುಗೆ ಹಾಕುವ ಕೆಲಸ. ಮನೆಗೆ ಬಂದರೆ ಪಿಟೀಲು. ಸೆಕ್ರೆಟರಿಯವರು ಲಗ್ಗೆರೆ ಕಡೆಯ ರೈತರ ಮನೆಯವರು, ಲೇತ್ ಮೇಲೆ ದುಡಿಯುತ್ತಿದ್ದರು. ಸಂಗೀತದ ಗಂಧಗಾಳಿಯೂ ಅವರಿಗಿರಲಿಲ್ಲ. ಆದರೆ ಶಿಫ್ಟ್ ಮುಗಿಸಿ ಬಸ್ಸಿಗೆ ಓಡುವ ಜನರನ್ನು, ಗೇಟಿನ ಮುಂದೆ ಸ್ಟೂಲು ಹತ್ತಿ, ಮೈಕಿಲ್ಲದೆ ಹಿಡಿದು ನಿಲ್ಲಿಸುತ್ತಿದ್ದರು. ಅದು ನನ್ನಿಂದ ಆಗುತ್ತಿರಲಿಲ್ಲ. ಹಿಂದಿನ ವರ್ಷದ ರಾಜ್ಯೋತ್ಸವದಲ್ಲಿ ನಾನು ತಲೆ ತಗ್ಗಿಸಿ ಶ್ರುತಿ ಮಾಡಿಕೊಳ್ಳುವಷ್ಟರಲ್ಲಿ ಅರ್ಧ ಸಭೆ ಟೀ ಕುಡಿಯಲು ಎದ್ದುಹೋಗಿತ್ತು. ಈ ವರ್ಷ ಪಿಟೀಲು ಬೇಡ, ಆರ್ಕೆಸ್ಟ್ರಾ ಸಾಕು ಎಂದು ಸಮಿತಿಯವರು ಪಟ್ಟು ಹಿಡಿದರು. ಸೆಕ್ರೆಟರಿಯವರೇ ಜಗಳವಾಡಿ ನನಗೆ ಹತ್ತು ನಿಮಿಷ ಕೊಡಿಸಿದರು. ಆದರೆ ಕಾರ್ಯಕ್ರಮದ ವಿಷಯವನ್ನು ಗೇಟ್ ಮೀಟಿಂಗಿನಲ್ಲಿ ನಾನೇ ಹೇಳಬೇಕೆಂದು ಷರತ್ತು ಹಾಕಿದರು.

ನಾನು ಜಂಬದಿಂದ, "ಮಾತು ಯಾಕೆ ಸಾರ್? ನನ್ನ ಪಿಟೀಲೇ ಮಾತಾಡುತ್ತೆ" ಎಂದೆ.

"ಮಾತಾಡ್ತದೆ ಕಣಮ್ಮ, ಇಲ್ಲ ಅಂದೋರ್ಯಾರು? ಅದು ಬಾಯಿ ಬಿಡೋಗಂಟ ಜನ ಕೂತಿರ್ಬೇಕಲ್ಲ!"

ಅಂದಿನಿಂದ ಊಟದ ವಿರಾಮದಲ್ಲಿ ಸೈಕಲ್ ಸ್ಟ್ಯಾಂಡಿನಲ್ಲಿ ನನಗೆ ಪಾಠ. ಸಾಲಾಗಿ ನಿಂತ ಸೈಕಲ್‌ಗಳೇ ಸಭಿಕರು. "ಬಂಧುಗಳೇ ಅನ್ಬೇಡ. ಬಂಧುಗಳೇ ಅಂದ್ರೆ ಇನ್ನರ್ಧ ಗಂಟೆ ಬಿಡಾಕಿಲ್ಲ ಅಂತ ಜನ ಜಾಗ ಖಾಲಿ ಮಾಡ್ತಾರೆ. ಅವ್ರಿಗೆ ಗೊತ್ತಿರೋ ಸಂಗ್ತಿಯಿಂದ ಶುರು ಮಾಡು. ಒಂದ್ಮಾತು ಆಡು, ನಿಲ್ಸು. ಕೊನೇ ಸಾಲಲ್ಲಿ ಒಂದ್ ಮುಖ ಹಿಡ್ಕೊ." ನಿಲ್ಲಿಸುವುದು ನನಗೆ ಸುಲಭವಾಗಿ ಬಂತು. ಆಲಾಪನೆಯಲ್ಲಿ ಒಂದು ಸ್ವರದ ಮೇಲೆ ನಿಂತು ಕಾಯುವುದನ್ನು ಹತ್ತು ವರ್ಷ ಕಲಿತಿದ್ದೆನಲ್ಲ.

ಇಷ್ಟಾದರೂ ಗೇಟಿನ ಮುಂದೆ ಸ್ಟೂಲು ಹತ್ತಿದ್ದೇ ತಡ, ನನ್ನ ಬಾಯಿಂದ ಹೊರಬಿದ್ದದ್ದು "ಬಂಧುಗಳೇ"! ಅದೇ ಹೊತ್ತಿಗೆ ಸೈರನ್ನೂ ಕೂಗಿತು. ಅದು ನಿಲ್ಲುವಷ್ಟರಲ್ಲಿ ಗೇಟು ಖಾಲಿ. ಅವಮಾನದಿಂದ ಕಣ್ಣು ತುಂಬಿತು. "ಹಾಳಾದ್ದು, ನನ್ನ ಪಂಚಮದಲ್ಲೇ ಕೂಗಿ ನನ್ನ ಮಾನ ಕಳೀತು" ಎಂದು ಸಿಡುಕಿದೆ.

ಪಕ್ಕದಲ್ಲೇ ನಿಂತಿದ್ದ ಸೆಕ್ರೆಟರಿಯವರು ಹುಬ್ಬೇರಿಸಿದರು. "ಅಂಗಂದ್ರೆ?"

ಸೈರನ್ ಏರಿ ಏರಿ ನಿಲ್ಲುವುದು ನನ್ನ ಪಿಟೀಲಿನ ಪಂಚಮದ ತಂತಿಯ ಸ್ವರದಲ್ಲೇ ಎಂದು ವಿವರಿಸಿದೆ.

"ಅಯ್ಯೋ ತಾಯಿ, ಇದನ್ನ ಅಲ್ವಾ ನೀನು ಜನಕ್ಕೆ ಯೋಳ್ಬೇಕಾಗಿದ್ದು!"

ರಾಜ್ಯೋತ್ಸವದ ಸಂಜೆ ಕ್ಯಾಂಟೀನ್ ಹಾಲು ತುಂಬಿತ್ತು. ನುಡಿಸಲು ಶುರುಮಾಡಿ ಎರಡು ನಿಮಿಷವೂ ಆಗಿರಲಿಲ್ಲ, ಅದೇ ಪಂಚಮದ ತಂತಿ ಪಟ್ಟನೆ ಕಿತ್ತುಹೋಯಿತು. ಹಿಂದೆ ಕುರ್ಚಿಗಳು ಸರಿದವು. "ಆರ್ಕೆಸ್ಟ್ರಾ ಶುರು ಮಾಡ್ರೋ!" ಎಂದು ಯಾರೋ ಕೂಗಿದರು. ಈಗ ಇವರು ಎದ್ದರೆ ನಮ್ಮ ಕಾರ್ಖಾನೆಯಲ್ಲಿ ಪಿಟೀಲಿನ ಕಥೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಕೊನೆಯ ಸಾಲಿನ ಹಿಂದೆ, ಬಾಗಿಲ ಬಳಿ ಸೆಕ್ರೆಟರಿ ನಿಂತಿದ್ದರು. ಅವರ ಮುಖವನ್ನೇ ನೋಡುತ್ತ ಮೈಕ್ ಎಳೆದುಕೊಂಡೆ.

"ದಿನಾ ಬೆಳಗ್ಗೆ ನಮ್ಮನ್ನೆಲ್ಲ ಗೇಟೊಳಗೆ ಎಳ್ಕೊಳ್ಳುತ್ತಲ್ಲ ಸೈರನ್, ಈಗ ಕಿತ್ತೋದ ತಂತೀದೂ ಅದೇ ಸ್ವರ."

ನಿಲ್ಲಿಸಿದೆ. ಕುರ್ಚಿಗಳ ಸದ್ದೂ ನಿಂತಿತು.

"ಹೊಸ ತಂತಿ ಹಾಕ್ತೀನಿ. ನೀವೆಲ್ಲ ಸೈರನ್ ಕೂಗಿ. ಅದಕ್ಕೇ ಶ್ರುತಿ ಮಾಡ್ಕೋತೀನಿ."

ಮೊದಲು ನಗು ಎದ್ದಿತು. ಆಮೇಲೆ ಒಬ್ಬ "ಊಂ..." ಎಂದು ಎಳೆದ. ನೋಡನೋಡುತ್ತ ಇಡೀ ಹಾಲು ಊಳಿಡತೊಡಗಿತು. ನಿಜ ಹೇಳಬೇಕೆಂದರೆ ಅವರ ಕೂಗು ಒಂದೊಂದು ಒಂದೊಂದು ಕಡೆ ಇತ್ತು. ನಾನು ಶ್ರುತಿ ಮಾಡಿಕೊಂಡದ್ದು ಪಕ್ಕದಲ್ಲಿದ್ದ ಶ್ರುತಿಪೆಟ್ಟಿಗೆಗೆ! ಆದರೆ ಆ ತಂತಿ ಈಗ ಅವರದ್ದಾಗಿತ್ತು. ಹತ್ತು ನಿಮಿಷದ ಕಚೇರಿ ಅರ್ಧ ಗಂಟೆಯಾಯಿತು, ಒಬ್ಬರೂ ಟೀಗೆ ಏಳಲಿಲ್ಲ.

"ಬಂಧುಗಳೇ ಅನ್ಲಿಲ್ವಲ್ಲ, ಭೇಷ್" ಎಂದಷ್ಟೇ ಹೇಳಿ ಸೆಕ್ರೆಟರಿ ಕುರ್ಚಿ ಮಡಚಲು ಹೋದರು. ನಾನು ನಕ್ಕೆ, ಅಷ್ಟೇ. ಆಮೇಲೆ ಮದುವೆಯಾಯಿತು, ಕೆಲಸ ಬಿಟ್ಟೆ, ಕಾರ್ಖಾನೆಯೂ ಮುಚ್ಚಿತು. ಊರೂರು ಸುತ್ತಿ ಕಚೇರಿ ಮಾಡಿದೆ. ಪ್ರತಿ ಸಲವೂ ಮೊದಲು ನಾಲ್ಕು ಮಾತಾಡಿಯೇ ಕಮಾನು ಎತ್ತಿದೆ, ಶಿಷ್ಯರಿಗೂ ಅದನ್ನೇ ಕಲಿಸಿದೆ. ಸೆಕ್ರೆಟರಿಯವರು ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ವರ್ಷ ಕಳೆದಿತ್ತು... ಸಾವಿರ ಜನರ ಮುಂದೆ ಮಾತಾಡುವ ನಾನು, ಮಾತು ಕಲಿಸಿದವರಿಗೇ ಹೇಳಬೇಕಾದ ಒಂದು ಮಾತನ್ನು ಹೇಳಲಿಲ್ಲ. ಆ ಸಂಕಟ ಇವತ್ತಿಗೂ ಇದೆ.

"ಆಯ್ತು ಮೇಡಂ." ಅಂಗಡಿಯಾತ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದ. "ಏನಾದ್ರೂ ಮಾತಾಡಿ, ರೆಕಾರ್ಡ್ ಮಾಡಿ ನೋಡ್ತೀನಿ."

ನಾನು ಫೋನಿನತ್ತ ಬಾಗಿದೆ. ಆಮೇಲೆ ಹೇಳಿದೆ: "ಸೆಕ್ರೆಟರಿ ಸಾರ್, ಅವತ್ತು ನೀವು ಬಾಗಿಲ ಹತ್ತಿರ ನಿಂತಿದ್ರಿ ಅಂತಲೇ ನನಗೆ ಮಾತು ಬಂತು."

ಆತ ಅದನ್ನು ಕಿವಿಗಿಟ್ಟುಕೊಂಡು ಕೇಳಿದ.

"ಈಗ ಕೇಳಿಸ್ತಿದೆ ಮೇಡಂ," ಎಂದ. "ಚೆನ್ನಾಗಿ ಕೇಳಿಸ್ತಿದೆ."