ಕಡವೋ ಎರವಲೋ

ನಮ್ಮ ಕಡೆ ಕಡವೇ ಬೇರೆ, ಎರವಲೇ ಬೇರೆ. ಪಕ್ಕದ ಮನೆಯಿಂದ ಒಂದು ಪಾವು ರಾಗಿಹಿಟ್ಟು ತಂದರೆ ಅದು ಕಡ. ತಂದ ಹಿಟ್ಟು ಮುದ್ದೆಯಾಗಿ ಹೊಟ್ಟೆ ಸೇರಿರುತ್ತದೆ, ಹಿಂದಿರುಗಿಸುವುದು ಅಷ್ಟೇ ಅಳತೆಯ ಬೇರೆ ಹಿಟ್ಟು. ಮದುವೆ ಅಡುಗೆಗೆ ಕೊಳಗ ತಂದರೆ ಅದು ಎರವಲು, ತಂದದ್ದನ್ನೇ ಕೊಡಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಆದರೆ ಒಬ್ಬ ಮನುಷ್ಯನನ್ನು ಕೊಟ್ಟು ತೆಗೆದುಕೊಂಡಾಗ ಯಾವ ಮಾತು ಸಲ್ಲುತ್ತದೆ ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ಮೈಸೂರಿನಲ್ಲಿ ಇತಿಹಾಸದ ಬಿ.ಎ. ಮುಗಿಸಿ ಮಧುಗಿರಿಗೆ ಬಂದು, ಕೆಲಸದ ಆದೇಶ ಕಾಯುತ್ತ ಕೂತಿದ್ದೆ. ಊರಿನ ಕಡಲೆಕಾಯಿ ಎಣ್ಣೆ ಗಿರಣಿಯ ಸಾಹುಕಾರರಿಗೆ ಫುಟ್‌ಬಾಲ್ ಹುಚ್ಚು. ತಮ್ಮದೇ ಒಂದು ತಂಡ ಕಟ್ಟಿದ್ದರು. ಆಟದ ನಿಯಮಗಳನ್ನು ಇಂಗ್ಲಿಷಿನಿಂದ ಓದಿ ಹೇಳಲಿ ಎಂದು ನನ್ನನ್ನು ಕಾರ್ಯದರ್ಶಿ ಮಾಡಿಕೊಂಡರು. ಆಟಗಾರರಿಗೆ ಆಟಕ್ಕೆಂದು ಸಂಬಳವಿರಲಿಲ್ಲ. ಹೆಸರಿಗೆ ಅವರು ಗಿರಣಿಯ ಆಳುಗಳು. ಬೆಳಿಗ್ಗೆ ಒಂದಷ್ಟು ಮೂಟೆ ಹೊತ್ತು, ಸಂಜೆ ಬೆಟ್ಟದ ಬುಡದ ಮೈದಾನದಲ್ಲಿ ಚೆಂಡು ಒದ್ದರೆ, ಶನಿವಾರದ ಬಟವಾಡೆಯಲ್ಲಿ ವಾರದ ಕೂಲಿ ಸಿಗುತ್ತಿತ್ತು.

ತಂಡದಲ್ಲಿ ಹಿಂದೆ ನಿಂತು ಎದುರಾಳಿಗಳನ್ನು ತಡೆಯುವ ಬ್ಯಾಕ್ ಆಡುತ್ತಿದ್ದವನು ಗಿರಣಿಯ ಗೋಡೆಯಂಥ ಆಳು. ಒಂದು ವರ್ಷ ಅವನನ್ನು ಶಿರಾದ ತಂಡಕ್ಕೆ ಕೊಟ್ಟರು. ಆ ತಂಡ ನಡೆಸುತ್ತಿದ್ದವರು ಅಲ್ಲಿಯ ಬಟ್ಟೆ ಅಂಗಡಿಯ ಸಾಹೇಬರು. ಮಾತುಕತೆ ಆದದ್ದು ಕೊರಟಗೆರೆಯಲ್ಲಿ, ಪಂದ್ಯ ಮುಗಿದ ಮೇಲೆ, ಬಸ್ ನಿಲ್ದಾಣದೆದುರಿನ ಹೋಟೆಲಿನಲ್ಲಿ. ಮೇಜಿನ ಸುತ್ತ ಸಾಹುಕಾರರು, ಸಾಹೇಬರು, ನಾನು. ಆಟಗಾರ ಬಾಗಿಲ ಬಳಿ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ. ಆ ವರ್ಷದ ಅವನ ಕೂಲಿ ಶಿರಾದವರದು ಎಂದಾಯಿತು. ಇಷ್ಟನ್ನು ನಾನು ಧೈರ್ಯವಾಗಿ ಹೇಳಬಲ್ಲೆ.

ವರ್ಷ ಕಳೆದು ಅವನು ವಾಪಸ್ಸು ಬಂದಾಗ ಮೊಣಕಾಲು ಊದಿತ್ತು. ಶಿರಾದ ಯಾವುದೋ ಪಂದ್ಯದಲ್ಲಿ ತಿರುಚಿಕೊಂಡಿತ್ತಂತೆ. ಅಷ್ಟರಲ್ಲಿ ಅವನ ಜಾಗಕ್ಕೆ ಪಾವಗಡದ ಕಡೆಯ ತೆಲುಗು ಮಾತಿನವನೊಬ್ಬ ಸೇರಿಯಾಗಿತ್ತು. ಶನಿವಾರದ ಬಟವಾಡೆ ಸಾಲಿನಲ್ಲಿ ನಮ್ಮವನೂ ನಿಂತ. ಒಬ್ಬೊಬ್ಬರನ್ನೇ ಕೂಗಿದರು, ಅವನನ್ನು ಕೂಗಲಿಲ್ಲ. ಸಾಲು ಕರಗಿ ಅವನೊಬ್ಬನೇ ಉಳಿದ.

“ಏನ್ಲಾ, ಇಲ್ಲಿ ನಿಂತ್ಕಂಡಿದ್ದೀಯ?” ಎಂದರು ಸಾಹುಕಾರರು.

“ಬಂದ್ಬುಟ್ಟೆ ಬುದ್ಧಿ.”

“ಬಂದಿರೋದು ಕಾಣ್ತೈತೆ. ಯಾಕ್ ಬಂದೆ ಅಂತ ಕೇಳಿದ್ದು.”

“ಶಿರಾದೋರು ನಿಮ್ಮೂರಿಗ್ ಹೋಗು ಅಂದ್ರು.”

ಪಾವಗಡದವನು ಪಕ್ಕದಲ್ಲೇ ತನ್ನ ಕೂಲಿಯನ್ನು ಪಂಚೆಯ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದ. “ಪರವಾಲೇದು ಅನ್ನಾ, ನಿನ್ ಕಾಲು ನೆಟ್ಟಗಾದ್ರೆ ನಾನೇ ಓಡೋಗ್ತೀನಿ ಬುಡು” ಎಂದು ನಕ್ಕ. ನಮ್ಮವನೂ ನಕ್ಕ. ಆದರೆ ಬರಿಗೈಯಲ್ಲೇ ಮನೆಗೆ ಹೋದ.

ಸಾಹುಕಾರರು ಹೇಳಿಕಳಿಸಿದ ಮೇಲೆ ಶಿರಾದ ಸಾಹೇಬರು ಬಸ್ಸಿನಲ್ಲಿ ಬಂದರು. ಗಿರಣಿಯ ಜಗಲಿಯ ಮೇಲೆ ಪಂಚಾಯಿತಿ ಶುರುವಾಯಿತು.

“ನೋಡಿ ಸಾವ್ಕಾರ್ರೇ, ಎರವಲು ತಗೊಂಡಿದ್ವಿ, ವಾಪಸ್ ಕೊಟ್ವಿ. ಬಾತ್ ಖತಂ” ಎಂದರು ಸಾಹೇಬರು.

“ಎರವಲು ಅಂದೋರ್ಯಾರು? ನಾನು ಕೊಟ್ಟಿದ್ದು ಕಡ. ಒಳ್ಳೆ ಆಳು ಕೊಟ್ಟಿದ್ದೆ, ಅಂಥದ್ದೇ ಒಳ್ಳೆ ಆಳು ಕಳ್ಸಿ. ಈ ಮುರುಕಲು ಕಾಲು ನೀವೇ ಮಡಿಕ್ಕಳಿ.”

“ಅರೆ! ಮನುಷ್ಯ ಏನು ರಾಗಿಹಿಟ್ಟಾ, ಕಡ ಕೊಡೋಕೆ?”

“ಮತ್ತೆ ಕೊಳಗಾನಾ, ಎರವಲು ಕೊಡೋಕೆ? ಕೊಳಗಾನೇ ಅಂತ ಮಡಿಕ್ಕಳಿ ಸಾಬ್ರೇ, ಸೊಟ್ಟ ಮಾಡಿ ತಂದ್ಕೊಟ್ರೆ ಯಾರಾದ್ರೂ ಇಸ್ಕಂತಾರಾ?”

“ಸೊಟ್ಟ ಆಯ್ತು ಅಂತ ಕೊಳಗ ಬೀದೀಲಿ ಬಿಡ್ತಾರಾ?”

ಇಬ್ಬರೂ ನನ್ನ ಕಡೆ ತಿರುಗಿದರು. “ಬಿಯೆ ಸ್ವಾಮಿಗಳು ಪಕ್ದಲ್ಲೇ ಕುಂತಿದ್ರಲ್ಲ, ಅವ್ರೇ ಹೇಳ್ಲಿ” ಎಂದರು ಸಾಹುಕಾರರು.

ಎರವಲು ಎಂದರೆ ಇನ್ನು ಮುಂದೆ ಅವನ ಕೂಲಿ ಗಿರಣಿಯ ಹೊಣೆ. ಕಡ ಎಂದರೆ ಶಿರಾದವರ ಹೊಣೆ. ಅವರೋ ಆಗಲೇ ಬೇಡವೆಂದು ಬಸ್ ಹತ್ತಿಸಿದವರು.

ನನಗೆ ನೆನಪಿರಲಿಲ್ಲ. ಆಗಲೂ ಡೈರಿ ಬರೆಯುತ್ತಿದ್ದೆ. ಕೊರಟಗೆರೆಯ ಆ ದಿನದ ಪುಟದಲ್ಲಿ ದೋಸೆ ಸೀದಿತ್ತು ಎಂದಿದೆ, ಬಸ್ ತಡವಾಯಿತು ಎಂದಿದೆ. ಅಲ್ಲೊಬ್ಬ ಮನುಷ್ಯ ಕೈ ಬದಲಾಯಿಸಿದ ಎಂದಿಲ್ಲ. ಕಡ, ಎರವಲು ಎಂಬ ಎರಡೂ ಮಾತನ್ನು ಮನಸ್ಸಿನಲ್ಲೇ ಸಾಹುಕಾರರ ದನಿಯಲ್ಲಿ ಹೇಳಿ ನೋಡಿಕೊಂಡೆ. ಎರಡೂ ಅವರೇ ಹೇಳಿದಂತೆ ಕೇಳಿಸಿದವು.

“ಏನ್ ಸ್ವಾಮಿ, ಸಾವ್ರ ವರ್ಷದ ಹಿಂದಿನ ರಾಜರ ಕತೆ ಹೇಳ್ತೀರಿ, ಹೋದೊರ್ಷದ ಮಾತು ಗ್ಯಾಪ್ಕ ಇಲ್ವಾ?” ಎಂದರು ಸಾಹುಕಾರರು.

ಆಟಗಾರ ಕಂಬಕ್ಕೆ ಒರಗಿ, ಊದಿದ ಕಾಲನ್ನು ಮುಂದೆ ಚಾಚಿ ನಿಂತಿದ್ದ. ಅವನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೊಳಗವನ್ನು ಯಾರು ಸಾಕ್ಷಿ ಕೇಳುತ್ತಾರೆ?

“ಎರವಲು” ಎಂದೆ. ಅಥವಾ “ಎರವಲು ಅಂದ ಹಾಗಿತ್ತು” ಎಂದೆನೋ ಏನೋ. ಆ ಕ್ಷಣಕ್ಕೆ ಅದು ನೆನಪಾಗಿಯೇ ಬಂತೋ, ಆ ಕಾಲು ನೋಡಿ ಬಂತೋ, ಬೇರೆ ಮಾಡಿ ಹೇಳಲಾರೆ.

ಸಾಹುಕಾರರು ಜಗಲಿಯಾಚೆ ಎಲೆಯಡಿಕೆ ಉಗುಳಿದರು. “ಆಯ್ತು ಬುಡಿ, ಬಿಯೆನೋರು ಅಂದ್ಮೇಲೆ ಮುಗೀತು. ಪಾತ್ರೆ ನಮ್ದು. ಸೊಟ್ಟ ತೆಗ್ಸೋದು ಮಾತ್ರ ಸಾಬ್ರದು.”

ಕಾಲು ವಾಸಿಯಾಗುವವರೆಗೆ ಅವನು ತಕ್ಕಡಿಯ ಹತ್ತಿರ ಕೂತು ಕಡಲೆಕಾಯಿ ತೂಗಬೇಕು, ಅಲ್ಲಿಯವರೆಗೆ ಅರ್ಧ ಕೂಲಿ ಶಿರಾದಿಂದ, ಅರ್ಧ ಗಿರಣಿಯಿಂದ ಎಂದು ತೀರ್ಮಾನವಾಯಿತು. ಸಾಹೇಬರು ಗೊಣಗುತ್ತಲೇ ಒಪ್ಪಿ, ಟೀ ಕುಡಿದು ಬಸ್ ಹತ್ತಿದರು.

ಪೇಟೆಯ ಕಡೆ ನಡೆಯುವಾಗ ಅವನು ಕುಂಟುತ್ತ ನನ್ನ ಜೊತೆ ಬಂದ. “ಯಾಕಂಗಂದ್ರಿ ಸ್ವಾಮಿ?” ಎಂದು ಕೇಳಿದ.

“ಅವರು ಅಂದದ್ದು ಅದೇ ಅಲ್ಲವೇನಪ್ಪ?”

“ಕಡಾನೂ ಅನ್ಲಿಲ್ಲ, ಎರವಲೂ ಅನ್ಲಿಲ್ಲ. ನಾನು ಬಾಗ್ಲಲ್ಲೇ ಇದ್ನಲ್ಲ. ‘ತಗಂಡೋಗಿ’ ಅಂದ್ರು. ಅಷ್ಟೇಯ.”

“ಹಾಗಾದರೆ ಇಲ್ಲಿಗೆ ಯಾಕೆ ಬಂದೆ?”

“ತಗಂಡೋದೋರೇ ಕಳಿಸ್ಬುಟ್ರೆ ಇನ್ನೆಲ್ಲಿಗೋಗ್ಲಿ ಸ್ವಾಮಿ?”

ಹೋಟೆಲಿನಲ್ಲಿ ಗದ್ದಲವಿತ್ತು, ಬಾಗಿಲು ಮೇಜಿನಿಂದ ದೂರವಿತ್ತು, ಅವನು ತಪ್ಪಾಗಿ ಕೇಳಿಸಿಕೊಂಡಿರಬಹುದು ಎಂದು ಸಮಾಧಾನ ಹೇಳಿಕೊಂಡೆ. ವಿಚಿತ್ರವೆಂದರೆ, ಅಂದಿನಿಂದ ಆ ಹೋಟೆಲನ್ನು ನೆನೆದಾಗಲೆಲ್ಲ ಸಾಹುಕಾರರು “ತಗಂಡೋಗಿ” ಎನ್ನುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಅವರ ಕೈ ಬಾಗಿಲಿನತ್ತ ಬೀಸಿದ್ದೂ ಕಾಣುತ್ತದೆ. ಅಷ್ಟು ಸ್ಪಷ್ಟವಾಗಿರುವುದೇ ನನ್ನ ಅನುಮಾನಕ್ಕೆ ಕಾರಣ.

ಮುಂದಿನ ಶನಿವಾರ ಅವನು ಸಾಲಿನ ಕೊನೆಯಲ್ಲಿ, ಪಾವಗಡದವನ ಹಿಂದೆ ನಿಂತಿದ್ದ. ಅವನ ಹೆಸರು ಕೂಗಿದರು. ಬೇರೆ ಯಾರದೋ ಹೆಸರೆಂಬಂತೆ ಅವನು ಅಲುಗಲಿಲ್ಲ. ಇನ್ನೊಮ್ಮೆ ಕೂಗಿದರು. “ನಿನ್ನೇ ಅನ್ನಾ ಕೂಗ್ತಿರೋದು” ಎಂದು ಪಾವಗಡದವನು ಹಿಂದಕ್ಕೆ ತಿರುಗಿ ಅವನನ್ನು ಮುಂದೆ ತಳ್ಳಿದ.