ಅವ್ವನ ಅಳತೆಯ ಹುರಿ

ಅವರ ಸೊಂಟದಲ್ಲಿ ಯಾವಾಗಲೂ ಮೂರು ಹುರಿಗಳು ಸುತ್ತಿರುತ್ತಿದ್ದವು. ಒಂದರ ತುದಿಗೆ ಕುಂಕುಮ, ಇನ್ನೊಂದಕ್ಕೆ ಕಾಡಿಗೆ, ಮತ್ತೊಂದಕ್ಕೆ ಅರಿಶಿನ; ಉದ್ದಕ್ಕೂ ಗಂಟುಗಳು. ನಮ್ಮ ಮನೆ ಕಟ್ಟಿದ ಗೌಂಡಿ ಅವರು. ಓದುಬರಹ ಬಾರದು. ಸುಣ್ಣ ತಿಂದು ಬಿರಿದ ಬೆರಳುಗಳಲ್ಲಿ ಗಂಟು ತಡವಿ, ಬಾಗಿಲು ಇಷ್ಟೆತ್ತರ, ಕಟ್ಟೆ ಇಷ್ಟಗಲ ಎಂದು ಹೇಳಿಬಿಡುತ್ತಿದ್ದರು. ಮನೆಗೊಂದು ಹುರಿ. ಮನೆ ಮುಗಿದ ದಿನ ಗಂಟೆಲ್ಲ ಬಿಚ್ಚಿ, ಅದೇ ಹುರಿಯನ್ನು ಮುಂದಿನ ಮನೆಗೆ ಹಿಡಿಯುವುದು ಅವರ ರೂಢಿ.

ನಿಜಾಮರ ಕಾಲ. ನಾನು ಬೀದರಿನಲ್ಲಿ ಗುಮಾಸ್ತ. ತಾಳ್ಮೆ ಎಂಬುದು ನನ್ನ ಹತ್ತಿರ ಸುಳಿದದ್ದೇ ಇಲ್ಲ. ಊರ ಪಕ್ಕದ ಚಿದ್ರಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಸಲು ಹೊರಟಾಗ ಈ ಗೌಂಡಿ ಸಿಕ್ಕರು. ಭಾಲ್ಕಿಯಲ್ಲಿ ಒಬ್ಬ ವ್ಯಾಪಾರಿಯ ಮನೆ, ಔರಾದಿನಲ್ಲಿ ಒಬ್ಬ ದೊಡ್ಡ ಅಧಿಕಾರಿಯ ದಿವಾನಖಾನೆ, ನಡುವೆ ನಮ್ಮದು. ವಾರ ಇಲ್ಲಿ, ವಾರ ಅಲ್ಲಿ. ನನಗೋ ಮೈಯೆಲ್ಲ ಉರಿ.

"ಒಂದ ಮನಿ ಮುಗಿಸಿ ಇನ್ನೊಂದು ಹಿಡೀಬಾರದೇನ್ರಿ?" ಎಂದು ರೇಗಿದ್ದೆ.

"ಗೋಡಿ ಒಣಗಾಕ ಬಿಡಬೇಕ್ರಿ ಸಾಹೇಬ್ರ. ಅದು ಒಣಗೂತನಕ ನಾ ಕೈ ಕಟ್ಕೊಂಡು ಕೂತ್ರ, ನನ್ನ ಮನ್ಯಾಗ ಒಲಿ ಹೊತ್ತಬೇಕಲ್ರಿ?" ಎಂದು ನಕ್ಕಿದ್ದರು.

ಆ ಮನೆ ಕಟ್ಟಿಸಿದ್ದು ನನಗಾಗಿ ಅಲ್ಲ. ನಮ್ಮವ್ವನಿಗೆ ಎರಡೂ ಕಣ್ಣು ಹೋಗಿದ್ದವು. ಬಾಡಿಗೆ ಮನೆಯಲ್ಲಿ ಮೊಳಕಾಲೆತ್ತರದ ಹೊಸ್ತಿಲು, ಎಲ್ಲೋ ಇದ್ದ ಬಚ್ಚಲು. ಎರಡು ಸಲ ಬಿದ್ದ ಮೇಲೆ ಅವಳು ಮೂಲೆ ಬಿಟ್ಟು ಏಳಲಿಲ್ಲ. ನೀರು ಬೇಕೆಂದರೂ ಕೂಗಬೇಕು. ಹಟದ ಹೆಂಗಸು, ಕೂಗುವುದಕ್ಕಿಂತ ಬಾಯಾರಿಕೊಂಡೇ ಕೂತಿರುತ್ತಿದ್ದಳು. "ಇನ್ನೊಬ್ಬರ ಕೈ ಹಿಡೀಲಾರದ ಬಚ್ಚಲಿಗಿ ಹೋಗೂದು ಒಂದಿನ ಆದ್ರ ಸಾಕಪ್ಪ" ಎನ್ನುತ್ತಿದ್ದಳು.

ಇದನ್ನು ಕೇಳಿದ ಗೌಂಡಿ ಜಾಗದ ಅಳತೆಗೂ ಮೊದಲು ಅವ್ವನನ್ನು ನಿಲ್ಲಿಸಿ ಅಳೆದರು. ಹಿಮ್ಮಡಿಯಿಂದ ಶುರು. ಕಾಲು ಎಷ್ಟು ಎತ್ತಬಲ್ಲಳೋ ಅಲ್ಲಿಗೆ ಒಂದು ಗಂಟು, ಅದು ಮೆಟ್ಟಿಲಿಗೆ. ಸೊಂಟಕ್ಕೆ ಒಂದು, ನೀರಿನ ಕಟ್ಟೆಗೆ. ಹೆಗಲಿಗೆ ಒಂದು, ವಿಭೂತಿ ಇಡುವ ಗೋಡೆಯ ಗೂಡಿಗೆ. ಕೊನೆಯದು ನೆತ್ತಿಗೆ. ಹುರಿಯ ತುದಿಗೆ ಅರಿಶಿನ ಹಚ್ಚಿಕೊಂಡರು.

ಗೋಡೆ ಎದ್ದು, ಮಾಡು ಮುಚ್ಚಿದ ಮೇಲೆ ಅವ್ವನನ್ನು ಕರೆತಂದೆ. ಮೊದಲ ಮೆಟ್ಟಿಲಿಗೇ ಕಾಲು ಎಡವಿತು. ಒಳಗೆ ಗೂಡಿಗಾಗಿ ಕೈ ಚಾಚಿದಳು, ಬರೀ ಗೋಡೆ. ಇನ್ನೂ ಎತ್ತಿದಳು, ಸಿಗಲಿಲ್ಲ. ಕೈ ಇಳಿಸಿ, "ಇರ್ಲಿ ಬಿಡು, ಒಂದು ಮೂಲಿ ತೋರಸು" ಎಂದಳು. ಔರಾದಿಗೆ ಹೊರಟಿದ್ದ ಬಂಡಿಯವನ ಕೈಯಲ್ಲಿ, ಅಲ್ಲಿದ್ದ ಗೌಂಡಿಗೆ ಬಾಯಿಗೆ ಬಂದಂತೆ ಬೈದು ಹೇಳಿಕಳಿಸಿದೆ.

ಮೂರನೆಯ ದಿನವೇ ಗೌಂಡಿ ಬಂದರು. ಅವ್ವನ ಪಕ್ಕದಲ್ಲಿ ಹುರಿಗಳನ್ನು ಒಂದೊಂದಾಗಿ ಇಳಿಬಿಟ್ಟು ನೋಡಿದರು; ಅವಳಿಗೆ ಸರಿಹೊಂದಿದ್ದು ಕೆಂಪು ತುದಿಯ ಹುರಿ. ಸೊಂಟದಲ್ಲಿ ಸುಣ್ಣದ ನೀರು ತಾಗಿ ನಮ್ಮ ಅರಿಶಿನ ಕೆಂಪಾಗಿತ್ತು. ಬೆವರಿಗೆ ಭಾಲ್ಕಿಯ ಕುಂಕುಮ ಮಾಸಿ ಹಳದಿಗೆ ತಿರುಗಿತ್ತು. ಭಾಲ್ಕಿಯ ವ್ಯಾಪಾರಿ ಬಾಗಿಲು ತುಂಬುವಂಥ ಆಳು. ಅವನ ಅಳತೆಯಲ್ಲಿ ನಮ್ಮವ್ವನ ಮನೆ ಎದ್ದಿತ್ತು!

"ಅವ್ವಾ, ನಿಮ್ಮ ಕೈ ತಪ್ಪಲಿಲ್ರಿ. ನನ್ನ ಹುರಿ ತಪ್ಪಿತ್ರಿ" ಎಂದರು.

"ಹೋಗ್ಲಿ ಬಿಡಪ್ಪ. ಕಟ್ಟಿದ್ದು ಯಾಕ ಕೆಡವತಿ? ಮಗ ಕೈಗಿ ಕೊಡ್ತಾನ" ಎಂದಳು ಅವ್ವ.

"ಅದ ಬ್ಯಾಡಂತನ ಮನಿ ಕಟ್ಟಿಸಿದ್ದಲ್ರಿ" ಎಂದು ಎದ್ದು ಸುತ್ತಿಗೆ ಹಿಡಿದರು.

ಮೆಟ್ಟಿಲು, ಕಟ್ಟೆ, ಗೂಡು ಎಲ್ಲವನ್ನೂ ಒಡೆದು ಮತ್ತೆ ಕಟ್ಟಲು ಹದಿನೈದು ದಿನ ಹಿಡಿಯಿತು. ಔರಾದಿನಿಂದ ಎರಡು ಸಲ ಆಳು ಬಂದು ಕರೆದ, ಇವರು ಅಲುಗಲಿಲ್ಲ. ಅಧಿಕಾರಿ ಸಿಟ್ಟಾಗಿ ಕೆಲಸವನ್ನು ಬೇರೆಯವರಿಗೆ ಕೊಟ್ಟ ಸುದ್ದಿ ಬಂದಾಗ ನನ್ನ ಮುಖ ಸಣ್ಣದಾಯಿತು. ಬೈದು ಕಳಿಸಿದ್ದು ನಾನೇ ತಾನೆ?

"ಔರಾದಿನ ಸಾಹೇಬರಿಗಿ ಕಣ್ಣದಾವ್ರಿ, ಬ್ಯಾರೆ ಗೌಂಡಿನ್ನ ಹುಡಕ್ಕೋತಾರ. ಅವ್ವ ಎಲ್ಲಿ ಹುಡಕತಾರ?" ಎಂದರು, ಗೂಡಿನ ಅಂಚು ನುಣುಪು ಮಾಡುತ್ತ.

ಅವ್ವ ಆ ಮನೆಯಲ್ಲಿ ಒಂಬತ್ತು ವರ್ಷ ಬಾಳಿದಳು. ತಾನೇ ಮಿಂದು, ತಾನೇ ಗೂಡಿಗೆ ಕೈ ಚಾಚಿ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ಒಂದು ದಿನವೂ ಯಾರನ್ನೂ ಕೂಗಲಿಲ್ಲ. ಅವಳು ಹೋದಾಗ ಗೌಂಡಿ ಮಣ್ಣಿಗೆ ಬಂದಿದ್ದರು. ಭಾಲ್ಕಿಯಲ್ಲಿ ಕೆಲಸ ಬಿಟ್ಟು ಬಂದಿದ್ದರು, ಕೈಯಲ್ಲಿ ಗಾರೆ ಹಾಗೇ ಇತ್ತು.

ಕೆಲವು ವರ್ಷಗಳ ಮೇಲೆ ಅವರೂ ತೀರಿಕೊಂಡರು. ತಿಂಗಳಾದ ಮೇಲೆ ಅವರ ಹೆಂಡತಿ ನಮ್ಮ ಮನೆಗೆ ಬಂದು, ಸೆರಗಿನಿಂದ ಒಂದು ಹುರಿ ತೆಗೆದು ಕೊಟ್ಟರು.

"ಎಲ್ಲಾ ಮನಿ ಗಂಟು ಬಿಚ್ಚಿದ್ರು. ಇದೊಂದ ಬಿಚ್ಚಲಿಲ್ಲ. ಅವ್ವನ ಅಳತಿ ಅದ, ಅವರ ಮಗಗ ಮುಟ್ಟಸು ಅಂದಿದ್ರು."

ನಮ್ಮವ್ವನದೊಂದು ಫೋಟೊ ಇಲ್ಲ. ಗೌಂಡಿಯ ಹೆಂಡತಿ ಹೊರಟುಹೋದ ಬಳಿಕ ಹುರಿಯ ತುದಿ ನೆಲಕ್ಕೆ ಮುಟ್ಟಿಸಿ, ಗೂಡಿನ ಮುಂದೆ ನೆಟ್ಟಗೆ ಹಿಡಿದೆ. ಮೂರನೆಯ ಗಂಟು ಗೂಡಿಗೆ ಸರಿಯಾಗಿ ಕೂತಿತು. ನೆತ್ತಿಯ ಗಂಟು ನನ್ನ ಹೆಗಲ ಹತ್ತಿರ ಬಂದು ನಿಂತಿತು. ಅವ್ವ ಅಷ್ಟೇ ಎತ್ತರ ಇದ್ದಳು.