ಸಿಪಾಯಿ ಅಂಚು

ಡಿಸೈನ್ ಮೇಷ್ಟ್ರ ಬಲಗೈಯ ತೋರುಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಮಿಕ್ಕ ಒಂಬತ್ತನ್ನೂ ಸೋಮವಾರ ಬಂದರೆ ತಪ್ಪದೆ ಕತ್ತರಿಸುತ್ತಿದ್ದವರು ಅದೊಂದನ್ನು ಮುದ್ದಿನಿಂದ ಸಾಕಿಕೊಂಡಿದ್ದರು. ಗ್ರಾಫ್ ಹಾಳೆಯ ಚೌಕಗಳನ್ನು ಎಣಿಸುತ್ತಿದ್ದುದು ಆ ಉಗುರಿನಿಂದಲೇ. ಚೌಕಕ್ಕೆ ‘ಮನೆ’ ಎನ್ನುತ್ತಿದ್ದರು. ಒಂದು ಮನೆ ಅಂದರೆ ಸೀರೆಯಲ್ಲಿ ಒಂದು ಎಳೆ. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಮುಖವಷ್ಟೇ ತಿರುಗುತ್ತಿತ್ತು, ಉಗುರು ಇದ್ದಲ್ಲೇ ಊರಿರುತ್ತಿತ್ತು.

ನಾನು ಪಕ್ಕದ ತಾಲ್ಲೂಕಿನ ವಿಜಯಪುರದಿಂದ ದೊಡ್ಡಬಳ್ಳಾಪುರಕ್ಕೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಮೇಷ್ಟ್ರ ಮನೆ ನಮ್ಮ ಎದುರಿಗೆ. ಬೀದಿಯ ಮಗ್ಗಗಳಿಗೆಲ್ಲ ಅಂಚು, ಸೆರಗು ಬರೆದುಕೊಡುತ್ತಿದ್ದವರು ಅವರು. ಆ ಗ್ರಾಫ್ ನೋಡಿ ಬೇರೆಯವರು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಿದ್ದರು. ಕಾರ್ಡಿನ ಸರ ಮಗ್ಗಕ್ಕೆ ಏರಿದರೆ ಸೀರೆಯಲ್ಲಿ ಅಂಚು ಮೂಡುತ್ತಿತ್ತು. ನಾನು ಪಿಯುಸಿ ಪಾಸಾದವಳೆಂದು ತಿಳಿದ ಮೂರನೆಯ ದಿನವೇ ಅವರು ನಮ್ಮತ್ತೆಯನ್ನು ಕೇಳಿದರು, “ನಿಮ್ ಸೊಸೇನ ಮಧ್ಯಾಹ್ನ ಒಂದ್ ಗಂಟೆ ಕಳಿಸ್ತೀರಾ? ಇಂಗ್ಲಿಷ್ ಪುಸ್ತಕ ಒಂದು ಓದಿಸ್ಬೇಕು.”

ಅದನ್ನು ಅವರು ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡಿದ್ದರು. ನೆಪೋಲಿಯನ್ ಕಾಲದ ಸೈನಿಕರ ಉಡುಪಿನ ಪುಸ್ತಕ, ಪುಟ ಪುಟಕ್ಕೂ ಬಣ್ಣದ ಚಿತ್ರ. ಯುದ್ಧದಲ್ಲಿ ಯಾರು ಗೆದ್ದರು ಎಂಬುದು ಅವರಿಗೆ ಬೇಕಿರಲಿಲ್ಲ. ನಾನು ಯಾವ ದಂಡು, ಯಾವ ದೇಶ ಎಂದು ಓದುತ್ತಿದ್ದರೆ ಅವರ ಕಣ್ಣು ಕೊರಳಪಟ್ಟಿಯ ಮೇಲೆ. “ನೋಡಮ್ಮ, ನೀಲಿ ಒಡಲಿಗೆ ಕೆಂಪು ಅಂಚು. ಹಸಿರಿಗೆ ಹಳದಿ. ಇವರೂ ನಮ್ಮೋರೇ ಕಣಮ್ಮ.” ಬೂದು ಕೋಟಿನಲ್ಲಿ ನಿಂತಿದ್ದ ಚಕ್ರವರ್ತಿಯ ಮೇಲೆ ಮಾತ್ರ ಅವರಿಗೆ ಅಸಮಾಧಾನ. “ಊರ್ ಮಂದಿಗೆಲ್ಲ ಜರಿ ಹಾಕ್ಸಿ ತಾನು ಇದನ್ನ ಹಾಕ್ಕೊಂಡವ್ನಲ್ಲ.”

ಪುಸ್ತಕದ ಕೊನೆಯಲ್ಲಿ ಸೋತ ಸೈನ್ಯ ರಷ್ಯಾದ ಹಿಮದಲ್ಲಿ ಹಿಂದಿರುಗುವ ಚಿತ್ರಗಳಿದ್ದವು. ಚಿಂದಿಯಾದ ಕೋಟುಗಳು, ಕಾಲಿಗೆ ಸುತ್ತಿದ ಹರಕು ಬಟ್ಟೆ. ಮೇಷ್ಟ್ರು ಪುಸ್ತಕ ಮುಚ್ಚಿದರು. “ಅದನ್ನ ಯಾರೋ ನೇಯ್ದಿದ್ರು ಕಣಮ್ಮ,” ಎಂದರು. ಮರುದಿನ ಹೋಗಿ ನೋಡಿದರೆ ಆ ಪುಟಗಳನ್ನಷ್ಟೇ ಸೇರಿಸಿ, ತೆರೆದುಕೊಳ್ಳದ ಹಾಗೆ ರೇಷ್ಮೆ ದಾರದಿಂದ ಕಟ್ಟಿಟ್ಟಿದ್ದರು.

ಒಬ್ಬ ಕುದುರೆ ಸವಾರನ ಎದೆಯ ಮೇಲೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡ ಚಿನ್ನದ ಹುರಿ ಇತ್ತು. ಅದನ್ನು ಅಂಚಿಗೆ ಇಳಿಸಲು ಮೇಷ್ಟ್ರು ಎರಡು ತಿಂಗಳು ಕೂತರು. ಸೀರೆ ನೇಯ್ದು ಇಳಿಸಿದಾಗ ಗೇಣಿಗೊಂದು ಕಡೆ ಹುರಿ ಮುರಿದಿತ್ತು. ಮಗ್ಗದ ಯಜಮಾನ ಸೀರೆಯನ್ನು ಹೆಗಲಿಗೆ ಹಾಕಿಕೊಂಡೇ ಬಂದ.

“ಏನ್ ಮೇಷ್ಟ್ರೇ, ನಿಮ್ ಸಿಪಾಯಿ ಕುಂಟ್ತಾವ್ನೆ. ಇದನ್ನ ಯಾರು ಉಡ್ತಾರೆ?”

ಗ್ರಾಫಿನಲ್ಲಿ ಎರಡು ಮನೆ ತಪ್ಪಿತ್ತು. ಆ ಉಗುರು ಗೆರೆ ದಾಟಿ ಹೋಗುತ್ತಿದ್ದುದನ್ನು ನಾನು ಕೆಲವು ವಾರಗಳಿಂದ ನೋಡಿದ್ದೆ. ಅವರ ಕಣ್ಣು ಮಂಜಾಗುತ್ತಿದೆ ಎಂದು ಬೀದಿಗೆ ತಿಳಿದರೆ ಮುಂದೆ ಯಾರೂ ಕೆಲಸ ಕೊಡುವುದಿಲ್ಲ. ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಹೇಳಿದೆ. “ಕಾಪಿ ಮಾಡೋವಾಗ ನಾನೇ ತಪ್ಪಿಬಿಟ್ಟೆ ಅಣ್ಣ.”

“ಸರಿಹೋಯ್ತು. ಹೆಂಗಸರ ಕೈಗೆ ಕೊಟ್ರೆ ಇನ್ನೇನಾಯ್ತದೆ.”

ಮೇಷ್ಟ್ರು ತಡೆದುಕೊಳ್ಳಲಿಲ್ಲ. “ಅವಳು ಸುಳ್ಳು ಹೇಳ್ತಾವ್ಳೆ. ಇನ್ನೂ ಪೆನ್ಸಿಲೇ ಹಿಡಿದಿಲ್ಲ. ನಂಗೆ ಕಣ್ಣು ಕಾಣ್ತಿಲ್ಲಪ್ಪ. ಇನ್ಮೇಲೆ ಮನೆ ಎಣಿಸೋಳು ಅವಳೇ. ಬೇಕಿದ್ರೆ ಬಾ, ಬ್ಯಾಡಾಂದ್ರೆ ಬಿಡು.”

ಕೆಲವು ತಿಂಗಳು ಆ ಬಾಗಿಲಿಗೆ ಯಾರೂ ಬರಲಿಲ್ಲ. ಅಷ್ಟು ದಿನವೂ ಅವರು ನನಗೆ ಕಲಿಸಿದರು. ಅವರು ಬಾಯಲ್ಲಿ ಹೇಳುವುದು, ನಾನು ಬರೆಯುವುದು. ಅವಸರ ಮಾಡಿದರೆ, “ನಿಧಾನ ಕಣಮ್ಮ, ಎಳೆ ಎಲ್ಲೂ ಓಡೋಗಲ್ಲ,” ಎನ್ನುತ್ತಿದ್ದರು. ನನ್ನ ತೋರುಬೆರಳಿನ ಉಗುರೂ ಬೆಳೆಯಿತು. ನಮ್ಮತ್ತೆ ಹಿಟ್ಟು ನಾದುವಾಗೆಲ್ಲ ಅದನ್ನು ನೋಡಿ ಗೊಣಗುತ್ತಿದ್ದರು. ಇತ್ತ ಯಜಮಾನನ ಹೆಂಡತಿ ಆ ಕುಂಟು ಅಂಚಿನ ಸೀರೆಯನ್ನೇ ಉಟ್ಟು ಸೂಲಿಬೆಲೆಯ ಮದುವೆಯೊಂದಕ್ಕೆ ಹೋದಳಂತೆ. ನಾಲ್ಕು ಜನ ಹೆಂಗಸರು ಇದು ಎಲ್ಲಿಯದು ಎಂದು ಕೇಳಿದ ಮೇಲೆ ಯಜಮಾನ ಏನೂ ಆಗದವನ ಹಾಗೆ ಬಂದು ಜಗಲಿಯ ಮೇಲೆ ಕೂತ. ನಾನು ಎಣಿಸಿ ಸರಿಪಡಿಸಿದ ಸಿಪಾಯಿ ಅಂಚು ಆ ವರಮಹಾಲಕ್ಷ್ಮಿ ಹಬ್ಬಕ್ಕೆ ಅವನ ಎಲ್ಲ ಮಗ್ಗಗಳಲ್ಲೂ ಓಡಿತು. ಅಲ್ಲಿಂದ ಇಲ್ಲಿಯವರೆಗೆ ನನಗೆ ಅನ್ನ ಹಾಕುತ್ತಿರುವುದು ಆ ವಿದ್ಯೆಯೇ.

ಕೆಲವು ವರ್ಷಗಳ ಮೇಲೆ ಮೇಷ್ಟ್ರು ತೀರಿಕೊಂಡರು. ಅವರ ಹೆಂಡತಿ ಪುಸ್ತಕ ತಂದುಕೊಟ್ಟು, “ನಿಂಗೇ ಅಂತ ಹೇಳಿದ್ರು,” ಎಂದರು. ಕೊನೆಯ ಪುಟಗಳ ದಾರ ಬಿಚ್ಚಿ ಮತ್ತೆ ಕಟ್ಟಿದಂತಿತ್ತು. ನಾನೂ ಬಿಚ್ಚಿದೆ. ಹಿಮದಲ್ಲಿ ನಡೆಯುತ್ತಿದ್ದ ಒಬ್ಬೊಬ್ಬ ಸಿಪಾಯಿಯ ಚಿಂದಿ ಕೋಟಿಗೂ ಕೆಂಪು ಪೆನ್ಸಿಲ್ಲಿನಲ್ಲಿ ಹೊಸ ಅಂಚು ಬರೆದಿತ್ತು. ಗೆರೆಗಳು ಸೊಟ್ಟಸೊಟ್ಟ, ಕೆಲವು ಕೋಟು ದಾಟಿ ಹಿಮದ ಮೇಲೂ ಹೋಗಿದ್ದವು. ಕಣ್ಣು ಹೆಚ್ಚುಕಡಿಮೆ ಹೋದ ಮೇಲೆ ಕೂತು ಬರೆದದ್ದು ಅದು. ತಡೆಯಲಾರದೆ ಅತ್ತುಬಿಟ್ಟೆ.

ಕೊನೆಯ ಸಾಲಿನ ಒಬ್ಬ ಸಿಪಾಯಿಯ ಕೋಟು ಮಾತ್ರ ಹಾಗೇ ಉಳಿದಿತ್ತು. ಕಣ್ಣೊರೆಸಿಕೊಂಡು, ಪೆನ್ಸಿಲ್ ಚೂಪು ಮಾಡಿ, ಅವನಿಗೆ ನಾನು ಅಂಚು ಬರೆದೆ.